ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯವನು. ಹೊಟ್ಟೆಪಾಡಿಗೆ ಬೆಂಗಳೂರಲ್ಲಿದ್ದೇನೆ. ಆಫೀಸಿನವರು, ಅಪಾರ್ಟ್‌ಮೆಂಟಿನವರು, ಅವರ ಅತ್ತೆ ಮಾವ, ಯಾರೇ ಆ ಕಡೆ ಹೊರಟರೂ ನನಗೊಂದು ಫೋನು ಬರುತ್ತದೆ. ಕೇಳುವುದು ಹೆಚ್ಚುಕಮ್ಮಿ ಅದೇ ಪ್ರಶ್ನೆ. ಹೇಳಿ ಹೇಳಿ ಬಾಯಿಗೆ ಬಂದಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ನಾವು ಮುಸ್ಲಿಮರಲ್ಲ. ಒಳಗೆ ಬಿಡುತ್ತಾರಾ?

ಮೊದಲ ಪ್ರಶ್ನೆ ಯಾವಾಗಲೂ ಇದೇ. ಬಿಡುತ್ತಾರೆ. ಬಾಗಿಲಲ್ಲಿ ಯಾರೂ ಹೆಸರು ಕೇಳಲ್ಲ, ಜಾತಿ ಕೇಳಲ್ಲ. ನಮ್ಮ ಕಡೆ ಎಷ್ಟೋ ಲಿಂಗಾಯತ, ಕುರುಬ, ದಲಿತ ಮನೆಗಳಲ್ಲಿ ‘ನಾವು ಬಂದೇನವಾಜನಿಗೆ ನಡಕೋತೀವಿ’ ಅನ್ನುವ ಮಾತಿದೆ. ಅಂದರೆ ತಲೆಮಾರಿನಿಂದ ಆ ಮನೆಯವರ ಹರಕೆ, ಮದುವೆಯ ಮೊದಲ ಕಾಣಿಕೆ, ಹುಟ್ಟಿದ ಮಗುವಿನ ಮೊದಲ ಪ್ರಯಾಣ ಎಲ್ಲಾ ಅಲ್ಲಿಗೇ. ಹಿರಿಯರ ಬಾಯಲ್ಲಿ ಸೂಫಿ ಅನ್ನೋ ಪದ ಬರೋದೇ ಕಮ್ಮಿ. ಅವರು ‘ಶರಣರು’ ಅಂತಾರೆ. ಅದೇ ಊರಿನ ಶರಣಬಸವೇಶ್ವರರಿಗೂ ಅದೇ ಪದ. ಒಂದೇ ದಿನ ಎರಡೂ ಕಡೆ ಕಾಯಿ, ಸಕ್ಕರೆ ಕೊಟ್ಟು ಬರುವವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ಬಂದೇನವಾಜ್ ಅಂದರೆ ಯಾರು? ಚಿಕ್ಕದಾಗಿ ಹೇಳಿ.

ಹೆಸರು ಸೈಯದ್ ಮುಹಮ್ಮದ್ ಹುಸೇನಿ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದರು. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಎತ್ತಿಕೊಂಡು ಹೋದ ಕಥೆ ಸ್ಕೂಲಲ್ಲಿ ಓದಿದ್ದೀರಲ್ವಾ? ಆ ಗದ್ದಲದಲ್ಲಿ ದಖನ್ನಿಗೆ ಬಂದ ಮನೆಗಳಲ್ಲಿ ಇವರದ್ದೂ ಒಂದು. ಇವರಿನ್ನೂ ಹುಡುಗ ಆಗ. ತಂದೆ ದಖನ್ನಿನಲ್ಲೇ ತೀರಿಕೊಂಡರು. ಅವರ ಗೋರಿ ದೌಲತಾಬಾದಿನ ಹತ್ತಿರದ ಖುಲ್ದಾಬಾದಿನಲ್ಲಿದೆ. ಹುಡುಗ ಮತ್ತೆ ದೆಹಲಿಗೆ ಹೋಗಿ ಸೂಫಿಗಳ ಚಿಶ್ತಿ ಪರಂಪರೆಯ ನಸೀರುದ್ದೀನ್ ಚಿರಾಗ್ ದೆಹಲವಿ ಅವರ ಶಿಷ್ಯನಾದ. ಅಜ್ಮೇರಿನ ಖಾಜಾ ಮೊಯಿನುದ್ದೀನ್, ದೆಹಲಿಯ ನಿಜಾಮುದ್ದೀನ್ ಔಲಿಯಾ ಇದೇ ಸಾಲಿನವರು.

1398ರಲ್ಲಿ ತೈಮೂರ ದೆಹಲಿ ಕಡೆಗೆ ದಂಡೆತ್ತಿ ಬಂದಾಗ ಇವರು ಊರು ಬಿಟ್ಟರು. ವಯಸ್ಸು ಆಗ 77. ಗ್ವಾಲಿಯರ್, ಗುಜರಾತ್, ದೌಲತಾಬಾದ್ ದಾಟಿ ಕೊನೆಗೆ ಕಲಬುರಗಿಗೆ ಬಂದು ನೆಲೆ ನಿಂತರು. ಆಗ ಇಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾನ ಆಳ್ವಿಕೆ. ಜನ ಮನೆ ಮೂಲೆಯಲ್ಲಿ ಕೂರುವ ವಯಸ್ಸಿನಲ್ಲಿ ಇವರು ಹೊಸ ಊರಿನಲ್ಲಿ ಹೊಸದಾಗಿ ಶುರು ಮಾಡಿ, ಮತ್ತೂ ಇಪ್ಪತ್ತು ವರ್ಷ ಪಾಠ ಹೇಳಿದರು. 1422ರಲ್ಲಿ ತೀರಿಕೊಂಡಾಗ ಅವರಿಗೆ ಎಷ್ಟು ವಯಸ್ಸು ಅಂತ ದರ್ಗಾದಲ್ಲಿ ಕೇಳಿದರೆ 104 ಅನ್ನುತ್ತಾರೆ. ನಿಮ್ಮ ಲೆಕ್ಕಕ್ಕೆ 101 ಬರುತ್ತದೆ. ಎರಡೂ ಸರಿ. ಮುಸ್ಲಿಮರ ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಹನ್ನೊಂದು ದಿನದಷ್ಟು ಚಿಕ್ಕದು. ನೂರು ವರ್ಷಕ್ಕೆ ಮೂರು ವರ್ಷ ಮಿಗುತ್ತದೆ.

‘ಗೇಸೂದರಾಜ್’ ಅಂತಲೂ ಬರೆದಿರುತ್ತಾರಲ್ಲ?

ಉದ್ದ ಕೂದಲಿನವರು ಅಂತ ಅರ್ಥ. ಗುರುವಿನ ಪಲ್ಲಕ್ಕಿ ಹೊರುವಾಗ ಇವರ ಕೂದಲು ಪಲ್ಲಕ್ಕಿಯ ಕಾಲಿಗೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಪಲ್ಲಕ್ಕಿ ನಿಲ್ಲಬೇಕು, ಗುರುವಿಗೆ ತೊಂದರೆ. ಸುಮ್ನೆ ಹಾಗೇ ದಾರಿಯುದ್ದಕ್ಕೂ ನಡೆದರಂತೆ. ಇಳಿದ ಮೇಲೆ ಗುರು ನೋಡಿ ಆ ಹೆಸರಿಟ್ಟರು ಅನ್ನುವುದು ಕಥೆ. ‘ಬಂದೇನವಾಜ್’ ಅಂದರೆ ಬಡವರ ಮೇಲೆ, ಸೇವಕರ ಮೇಲೆ ಕರುಣೆ ತೋರುವವರು ಅಂತ. ನಮ್ಮ ಅಜ್ಜಿಗೆ ಈ ಅರ್ಥ ಯಾವುದೂ ಗೊತ್ತಿರಲಿಲ್ಲ. ‘ಬಂದೇನವಾಜ’ ಅಂತ ಮನೆ ಮಗನನ್ನು ಕರೆದ ಹಾಗೆ ಕರೆಯುತ್ತಿದ್ದಳು.

ಸುಲ್ತಾನನಿಗೂ ಇವರಿಗೂ ಆಗಿಬರುತ್ತಿರಲಿಲ್ಲವಂತೆ, ನಿಜವಾ?

ಮೊದಲು ಚೆನ್ನಾಗಿಯೇ ಇತ್ತು. ಫಿರೋಜ್ ಷಾ ಓದಿಕೊಂಡ ರಾಜ, ತರ್ಕ, ಖಗೋಳ ಅಂದರೆ ಇಷ್ಟ. ಆಮೇಲೆ ಬಿಗಡಾಯಿಸಿತು. ಫಿರೋಜ್‌ಗೆ ತನ್ನ ಮಗ ಪಟ್ಟಕ್ಕೆ ಬರಲಿ ಅಂತ ಆಸೆ, ಹರಸಿ ಅಂತ ಕೇಳಿದ. ಪಟ್ಟ ನಿನ್ನ ತಮ್ಮ ಅಹ್ಮದನಿಗೆ ಅಂತ ಬರೆದಾಗಿದೆ ಅಂದರಂತೆ ಇವರು. ಇನ್ನು ಸಿಟ್ಟು ಬರದೆ ಇರುತ್ತಾ? ಕೋಟೆಯ ಪಕ್ಕದಲ್ಲಿದ್ದ ಇವರ ಖಾನ್ಖಾಗೆ, ಅಂದರೆ ಸೂಫಿಗಳ ಮಠಕ್ಕೆ, ಜನ ಜಾಸ್ತಿ ಬರುತ್ತಾರೆ, ಗಲಾಟೆ ಅಂತ ಹೇಳಿ ದೂರ ಹೋಗಲು ಹೇಳಿದ. ಇವರು ಎದ್ದು ಹೋಗಿ ಕೂತ ಜಾಗವೇ ಈಗಿನ ದರ್ಗಾ. ಕೊನೆಗೆ 1422ರಲ್ಲಿ ಅಹ್ಮದ್ ಷಾನೇ ಪಟ್ಟಕ್ಕೆ ಬಂದ. ಅದೇ ವರ್ಷ ಫಿರೋಜ್ ತೀರಿಕೊಂಡ, ಬಂದೇನವಾಜರೂ ತೀರಿಕೊಂಡರು. ಗೋರಿಯ ಮೇಲಿನ ದೊಡ್ಡ ಗುಮ್ಮಟ ಅಹ್ಮದ್ ಷಾ ಕಾಲದ್ದು.

ಫಿರೋಜ್ ಷಾನ ಗೋರಿ ಎಲ್ಲಿ ಅಂತೀರಾ? ದರ್ಗಾದ ಹತ್ತಿರದಲ್ಲೇ, ಹಫ್ತ್ ಗುಂಬಜ್‌ನಲ್ಲಿ. ಅಲ್ಲಿರುವ ಗೋರಿಗಳಲ್ಲಿ ಅವನದ್ದು ಎರಡು ಗುಮ್ಮಟದ ಭರ್ಜರಿ ಕಟ್ಟಡ. ದೂರ ಹೋಗು ಅಂದವನೇ ಪಕ್ಕಕ್ಕೆ ಬಂದು ಮಲಗಿದ್ದಾನೆ. ಗುರುವಾರ ಸಂಜೆ ದರ್ಗಾದಲ್ಲಿ ಕಾಲಿಡಲು ಜಾಗ ಇರಲ್ಲ. ಹಫ್ತ್ ಗುಂಬಜ್‌ನಲ್ಲಿ ಪಾರಿವಾಳ ಬಿಟ್ಟರೆ ಯಾರೂ ಇರಲ್ಲ.

ಬೆಂಗಳೂರಿಂದ ಹೇಗೆ ಬರೋದು?

ರೈಲೇ ಸಲೀಸು. ಉದ್ಯಾನ್ ಎಕ್ಸ್‌ಪ್ರೆಸ್, ಕರ್ನಾಟಕ ಎಕ್ಸ್‌ಪ್ರೆಸ್, ಬಸವ ಎಕ್ಸ್‌ಪ್ರೆಸ್ ಎಲ್ಲಾ ಕಲಬುರಗಿ ಮೇಲೆ ಹೋಗುತ್ತವೆ. 2024ರ ಮಾರ್ಚ್‌ನಿಂದ ವಂದೇ ಭಾರತ್ ಕೂಡ ಇದೆ, ಸುಮಾರು 9 ಗಂಟೆ. ವಿಮಾನ ನಿಲ್ದಾಣ 2019ರಲ್ಲಿ ಶುರುವಾಯಿತು. ಆದರೆ ವಿಮಾನ ಇದೆಯೋ ಇಲ್ಲವೋ ಅಂತ ನೋಡಿಕೊಂಡೇ ಪ್ಲಾನ್ ಮಾಡಿ. ಹೈದರಾಬಾದಿನಿಂದ ಬಸ್ಸು ಬೇಕಾದಷ್ಟಿವೆ. ಸ್ಟೇಷನ್ನಿಂದ ಆಟೋದವರಿಗೆ ‘ದರ್ಗಾ’ ಅಂದರೆ ಸಾಕು. ಹತ್ತುವ ಮೊದಲೇ ರೇಟು ಮಾತಾಡಿ.

ಯಾವ ಕಾಲದಲ್ಲಿ ಬಂದರೆ ಒಳ್ಳೆಯದು?

ನವೆಂಬರಿನಿಂದ ಫೆಬ್ರವರಿ. ಏಪ್ರಿಲ್, ಮೇ ಬೇಡ. 40 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಒಂದು ಸಲ ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ಬೆಂಗಳೂರಿನ ಗೆಳೆಯನನ್ನು ಕರೆದುಕೊಂಡು ಹೋದೆ. ನನ್ನದೇ ತಪ್ಪು. ಚಪ್ಪಲಿ ಬಿಟ್ಟು ಅಂಗಳದ ಕಲ್ಲಿನ ಮೇಲೆ ಕಾಲಿಟ್ಟವನು ಕುಣಿಯುತ್ತಾ ಓಡಿದ. ನೆರಳಿನಿಂದ ನೆರಳಿಗೆ ಹಾರಿ ಹಾರಿ ಗುಮ್ಮಟ ತಲುಪಿದೆವು. ಬೇಸಿಗೆಯಲ್ಲೇ ಬರಬೇಕು ಅಂದರೆ ಬೆಳಿಗ್ಗೆ ಬೇಗ ಬನ್ನಿ, ಇಲ್ಲಾ ಹೊತ್ತು ಮುಳುಗುವಾಗ.

ವಾರದಲ್ಲಿ ಗುರುವಾರ ಸಂಜೆ ಜನ ಜಾಸ್ತಿ. ಜನ, ಸಡಗರ ನೋಡಬೇಕಾದವರು ಆವತ್ತು ಬನ್ನಿ. ಸುಮ್ನೆ ಕೂರಬೇಕು ಅನ್ನುವವರಿಗೆ ಮಂಗಳವಾರ, ಬುಧವಾರದ ಬೆಳಿಗ್ಗೆ.

ಉರುಸು ಯಾವಾಗ? ಆಗ ಬರಬಹುದಾ?

ಹಿಜರಿ ಕ್ಯಾಲೆಂಡರಿನ ಜಿಲ್ಕದ್ ತಿಂಗಳ 15, 16, 17. ಅವರು ತೀರಿಕೊಂಡ ತಿಥಿ 16. ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಮೇ ನಡುವಿನಲ್ಲಿ ಬಂದಿತ್ತು. ಹೀಗೇ ಸರಿದು ಸರಿದು ಕೆಲವು ವರ್ಷದಲ್ಲಿ ಚಳಿಗಾಲಕ್ಕೆ ಬರುತ್ತದೆ. ಆವಾಗ ಬನ್ನಿ, ಸುಖ.

ಮೊದಲ ದಿನ ಗಂಧ. ಊರೊಳಗಿನ ಮೆಹಬೂಬ್ ಗುಲ್ಶನ್ ತೋಟದಿಂದ ಗಂಧದ ಮೆರವಣಿಗೆ ಹೊರಟು ದರ್ಗಾ ತಲುಪುತ್ತದೆ. ರಸ್ತೆಯ ಎರಡೂ ಬದಿ ಜನ. ಮಾಳಿಗೆ ಮೇಲೆ ಹೆಂಗಸರು, ಮಕ್ಕಳು. ಗಂಧದ ಬಟ್ಟಲು ಹತ್ತಿರ ಬಂದಾಗ ಅದನ್ನೊಂದು ಸಲ ಮುಟ್ಟಲು ಕೈಗಳು ಚಾಚುವುದನ್ನು ನೋಡಬೇಕು. ಗಂಧ, ಗುಲಾಬಿ, ಊದಿನ ಹೊಗೆ, ಬೆವರು, ಪಕ್ಕದ ಬಂಡಿಯಲ್ಲಿ ಕರಿಯುವ ಮಿರ್ಚಿ ಭಜಿ ಎಲ್ಲಾ ಸೇರಿ ಒಂದು ವಾಸನೆ ಬರುತ್ತದೆ. ನನಗೆ ಊರು ಅಂದರೆ ಅದೇ ನೆನಪು. ದರ್ಗಾದ ಸುತ್ತ ಜಾತ್ರೆಯ ಅಂಗಡಿ, ತೊಟ್ಟಿಲು, ಬಳೆ, ಖಜೂರ.

ಆದರೆ ಸಣ್ಣ ಮಕ್ಕಳು, ಮಂಡಿನೋವಿನವರು ಜೊತೆಗಿದ್ದರೆ ಉರುಸಿಗೆ ಬೇಡ. ಹೋಟೆಲ್ ರೂಮೂ ಕಷ್ಟ. ಇನ್ನೊಂದು ಮಾತು, ಉರುಸಿನ ರಾತ್ರಿ ಒಳ್ಳೆ ಚಪ್ಪಲಿ ಹಾಕಿಕೊಂಡು ಬರಬೇಡಿ. ನಾನು ಎರಡು ಜೊತೆ ಕಳೆದುಕೊಂಡಿದ್ದೇನೆ.

ಎಂಥ ಬಟ್ಟೆ ಹಾಕಬೇಕು?

ಮೈ ಮುಚ್ಚುವ ಸಾದಾ ಬಟ್ಟೆ. ತಲೆ ಮೇಲೆ ಬಟ್ಟೆ ಇರಬೇಕು, ಗಂಡಸರಿಗೂ. ಕರ್ಚೀಫು ಸಾಕು. ಮರೆತು ಬಂದರೆ ಬಾಗಿಲ ಬಳಿ ಟೋಪಿ ಸಿಗುತ್ತದೆ. ಹೆಂಗಸರು ಸೆರಗು ಇಲ್ಲಾ ದುಪಟ್ಟಾ ತಲೆಗೆ ಎಳೆದುಕೊಂಡರೆ ಆಯಿತು. ಶಾರ್ಟ್ಸ್ ಬೇಡ.

ಒಳಗೆ ಹೋಗಿ ಏನು ಮಾಡಬೇಕು? ತಪ್ಪಾದರೆ?

ಊರಿನ ಹಿರಿಯರ ಮನೆಗೆ ಹೋದರೆ ಹೇಗಿರುತ್ತೀರೋ ಹಾಗಿರಿ. ಚಪ್ಪಲಿ ಹೊರಗೆ. ಕೈಕಾಲು ತೊಳೆದುಕೊಂಡರೆ ಒಳ್ಳೆಯದು. ಹೊಸ್ತಿಲ ಮೇಲೆ ಕಾಲಿಡಬೇಡಿ, ದಾಟಿ ಹೋಗಿ. ಒಳಗೆ ಗೋರಿಯ ಸುತ್ತ ನಿಧಾನಕ್ಕೆ ನಡೆದು, ಕಾಲಿನ ಕಡೆ ಒಂದು ನಿಮಿಷ ನಿಂತುಕೊಳ್ಳಿ. ಕೈ ಮುಗಿದರೂ ಸರಿ, ಅಂಗೈ ಬಿಚ್ಚಿ ಬೇಡಿಕೊಂಡರೂ ಸರಿ. ನಿಮ್ಮ ಭಾಷೆಯಲ್ಲೇ ಬೇಡಿಕೊಳ್ಳಿ. ಆದರೆ ನೆಲಕ್ಕೆ ಹಣೆ ಹಚ್ಚಿ ಅಡ್ಡ ಬೀಳುವುದು ಬೇಡ. ಸಜ್ದಾ ದೇವರಿಗೆ ಮಾತ್ರ ಅನ್ನುವುದು ಮುಸ್ಲಿಮರ ನಂಬಿಕೆ. ಹೊರಬರುವಾಗ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ. ನೀವು ಮರೆತು ತಿರುಗಿ ನಡೆದರೂ ಯಾರೂ ಬೈಯಲ್ಲ.

ನಮಾಜಿನ ಹೊತ್ತಿಗೆ ಮಸೀದಿಯ ಮುಂದೆ ಓಡಾಡಬೇಡಿ. ನಮಾಜು ಮಾಡುತ್ತಿರುವವರ ಎದುರಿಂದ ಹಾದು ಹೋಗುವುದಂತೂ ಬೇಡವೇ ಬೇಡ.

‘ಸಕ್ಕರೆ ಓದಿಸೋದು’ ಅಂದರೇನು?

ಇದು ನಮ್ಮ ಉತ್ತರ ಕರ್ನಾಟಕದ ಮಾತು. ಬೆಂಗಳೂರಿನವರಿಗೆ ನಗು ಬರುತ್ತದೆ, ಸಕ್ಕರೆಗೆ ಯಾವ ಸ್ಕೂಲು ಅಂತ. ದರ್ಗಾದ ಮುಂದಿನ ಅಂಗಡಿಯಲ್ಲಿ ಹೂವು, ಊದುಬತ್ತಿ, ಸಕ್ಕರೆ ಒಟ್ಟಿಗೆ ಕೊಡುತ್ತಾರೆ. ಅದನ್ನು ಒಳಗಿರುವ ಮುಜಾವರರ, ಅಂದರೆ ದರ್ಗಾದ ಸೇವೆ ಮಾಡುವವರ ಕೈಗೆ ಕೊಡಬೇಕು. ಅವರು ಪೊಟ್ಟಣದ ಮಡಿಕೆ ಬಿಚ್ಚಿ, ಅಂಗೈ ಎತ್ತಿ, ತುಟಿಯಲ್ಲೇ ಫಾತೇಹಾ ಓದುತ್ತಾರೆ. ಕುರಾನಿನ ಸಾಲುಗಳು ಅವು. ಓದಿ, ಸಕ್ಕರೆ ಮೇಲೆ ಮೆಲ್ಲಗೆ ಊದಿ, ಗೋರಿ ಮೇಲಿನ ನಾಲ್ಕು ಗುಲಾಬಿ ಪಕಳೆ ಹಾಕಿ ಮತ್ತೆ ಮಡಚಿ ಕೊಡುತ್ತಾರೆ. ತಲೆ ಬಗ್ಗಿಸಿದರೆ ನವಿಲುಗರಿಯ ಕುಂಚದಿಂದ ನೆತ್ತಿಗೆ, ಹೆಗಲಿಗೆ ತಟ್ಟುತ್ತಾರೆ. ಅಷ್ಟೇ.

ಆ ಸಕ್ಕರೆ ಮನೆಗೆ ತಂದು ಎಲ್ಲರಿಗೂ ಒಂದೊಂದು ಚಿಟಿಕೆ ಹಂಚಬೇಕು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಕೊಡಬಹುದು. ನಮ್ಮವ್ವ ಪಕಳೆಯನ್ನು ಅಕ್ಕಿ ಡಬ್ಬಿಗೆ ಹಾಕಿಡುತ್ತಾಳೆ. ಒಣಗಿ ಕಪ್ಪಾದ ಮೇಲೂ ಇರುತ್ತದೆ. ಅನ್ನಕ್ಕೆ ಅಕ್ಕಿ ತೊಳೆಯುವಾಗ ಒಂದೊಂದು ಸಲ ತೇಲಿ ಬರುತ್ತದೆ. ತೆಗೆದು ಮತ್ತೆ ಡಬ್ಬಿಗೇ.

ಗಲೀಫ ಹಾಕಲೇಬೇಕಾ? ಎಷ್ಟು ಖರ್ಚು?

ಗಲೀಫ ಅಂದರೆ ಗೋರಿಯ ಮೇಲೆ ಹೊದಿಸುವ ಚಾದರ. ಹರಕೆ ಹೊತ್ತವರು ಹಾಕುತ್ತಾರೆ. ನೀವು ಹಾಕಲೇಬೇಕು ಅಂತೇನೂ ಇಲ್ಲ. ಬರೀ ಕೈಯಲ್ಲಿ ಹೋಗಿ ಬರೀ ಕೈಯಲ್ಲಿ ಬಂದರೂ ನಡೆಯುತ್ತದೆ. ಟಿಕೆಟ್ಟಿಲ್ಲ. ಕೊಡಬೇಕು ಅನ್ನಿಸಿದರೆ ಹುಂಡಿಗೆ ಹಾಕಿ.

ದೊಡ್ಡ ದರ್ಗಾಗಳ ಸುತ್ತ ‘ನಾನು ತೋರಿಸ್ತೀನಿ ಬನ್ನಿ’ ಅಂತ ಬೆನ್ನು ಹತ್ತುವವರು ಇದ್ದೇ ಇರುತ್ತಾರೆ. ಬೇರೊಂದು ಊರಿನ ದರ್ಗಾದಲ್ಲಿ ಒಬ್ಬ ನನ್ನ ತಲೆಗೆ ನವಿಲುಗರಿ ತಟ್ಟಿ, ಪುಸ್ತಕ ಬಿಚ್ಚಿ, ಹಿಂದಿನವರು ಐನೂರು ಐನೂರು ಬರೆಸಿದ್ದಾರೆ ನೋಡಿ ಅಂದ. ಇಪ್ಪತ್ತು ರೂಪಾಯಿ ಕೊಟ್ಟೆ. ಆಶೀರ್ವಾದ ವಾಪಸ್ ತಗೊಂಡವನ ಹಾಗೆ ಮುಖ ಮಾಡಿದ. ನಗುತ್ತಲೇ ಬೇಡ ಅಂದು ಮುಂದೆ ನಡೆಯಿರಿ. ಅಂಗಡಿಯಲ್ಲೂ ಬುಟ್ಟಿ ಕೈಗೆ ತಗೊಳ್ಳುವ ಮೊದಲೇ ಬೆಲೆ ಕೇಳಿ.

ಹೆಂಗಸರು ಗೋರಿಯ ಹತ್ತಿರ ಹೋಗಬಹುದಾ?

ಅಂಗಳಕ್ಕೆ, ಆವರಣಕ್ಕೆ ಎಲ್ಲರೂ ಬರಬಹುದು, ಹೆಂಗಸರೇ ಜಾಸ್ತಿ ಇರುತ್ತಾರೆ. ಆದರೆ ದೊಡ್ಡ ಗುಮ್ಮಟದ ಒಳಗೆ ಗಂಡಸರಷ್ಟೇ ಹೋಗುವ ಪದ್ಧತಿ. ಹೆಂಗಸರು ಹೊರಗಿನಿಂದಲೇ ಬೇಡಿಕೊಳ್ಳುತ್ತಾರೆ. ಇದು ದರ್ಗಾದಿಂದ ದರ್ಗಾಕ್ಕೆ ಬೇರೆ. ಅಜ್ಮೇರಿನಲ್ಲಿ ಹೆಂಗಸರು ಒಳಗೆ ಹೋಗುತ್ತಾರೆ. ದೆಹಲಿಯ ನಿಜಾಮುದ್ದೀನಿನಲ್ಲಿ ಹೋಗುವಂತಿಲ್ಲ. ಮುಂಬೈಯ ಹಾಜಿ ಅಲಿಯಲ್ಲಿ ನಿಲ್ಲಿಸಿದ್ದರು, 2016ರಲ್ಲಿ ಕೋರ್ಟು ತೀರ್ಪು ಕೊಟ್ಟ ಮೇಲೆ ಮತ್ತೆ ಬಿಟ್ಟರು. ನನ್ನ ತಂಗಿಗೆ ಈ ಪದ್ಧತಿ ಕಂಡರೆ ಮೊದಲಿಂದ ಸಿಟ್ಟು, ನನಗೂ ಸರಿ ಅನ್ನಿಸಲ್ಲ. ಅವ್ವನಿಗೆ ಅದರ ಗೊಡವೆಯೇ ಇಲ್ಲ. ಕಂಬಕ್ಕೆ ಒರಗಿ ಕೂತು ಗಂಟೆಗಟ್ಟಲೆ ಮಾತಾಡುತ್ತಾಳೆ, ಒಳಗಿನವರ ಜೊತೆ.

ನನ್ನ ಮುಸ್ಲಿಂ ಗೆಳೆಯ ದರ್ಗಾಕ್ಕೆ ಬರಲ್ಲ ಅಂತಾನೆ. ಯಾಕೆ?

ಎಲ್ಲಾ ಮುಸ್ಲಿಮರೂ ದರ್ಗಾಕ್ಕೆ ನಡಕೊಳ್ಳಲ್ಲ. ಬೇಡುವುದು ಅಲ್ಲಾನನ್ನು ಮಾತ್ರ, ಗೋರಿಯ ಮುಂದೆ ಬೇಡುವುದು ತಪ್ಪು ಅನ್ನುವವರಿದ್ದಾರೆ. ನಾವು ಸಂತರನ್ನೇ ಬೇಡುತ್ತಿಲ್ಲ, ಅವರ ಮೂಲಕ ದೇವರನ್ನು ಬೇಡುತ್ತೇವೆ ಅನ್ನುವವರೂ ಇದ್ದಾರೆ. ತುಂಬಾ ಹಳೆಯ ವಾದ ಇದು. ಗೆಳೆಯನನ್ನು ಒತ್ತಾಯ ಮಾಡಬೇಡಿ. ಊಟಕ್ಕೆ ಹೇಗೂ ಬರುತ್ತಾನೆ.

ಕವ್ವಾಲಿ ಕೇಳಲು ಸಿಗುತ್ತದಾ?

ಉರುಸಿನಲ್ಲಿ ಸಿಗುತ್ತದೆ. ಚಿಶ್ತಿಗಳಿಗೆ ಹಾಡು ಕೇಳುವುದು, ಅವರ ಮಾತಿನಲ್ಲಿ ‘ಸಮಾ’, ಸಾಧನೆಯ ದಾರಿ. ಸಂಗೀತ ಸರಿಯಲ್ಲ ಅನ್ನುತ್ತಿದ್ದ ಪಂಡಿತರ ಎದುರು ಬಂದೇನವಾಜರು ಅದರ ಪರ ನಿಂತವರು. ಅವರ ಮಾತುಗಳನ್ನು ಮಗ ಸೈಯದ್ ಅಕ್ಬರ್ ಹುಸೇನಿ ಪರ್ಷಿಯನ್ನಿನಲ್ಲಿ ಬರೆದಿಟ್ಟ ‘ಜವಾಮಿ ಉಲ್ ಕಲಿಮ್’ ಇವತ್ತಿಗೂ ಇದೆ.

ಕನ್ನಡ ನಡೆಯುತ್ತದಾ?

ಧಾರಾಳವಾಗಿ. ಮುಜಾವರರು, ಅಂಗಡಿಯವರು ತಮ್ಮೊಳಗೆ ದಖನಿ ಮಾತಾಡುತ್ತಾರೆ, ನಿಮ್ಮ ಜೊತೆ ಕನ್ನಡ. ದಖನಿ ಅಂದರೆ ಲಖನೌ ಉರ್ದು ಅಲ್ಲ, ಕನ್ನಡ, ತೆಲುಗು, ಮರಾಠಿಯ ಜೊತೆ ಬೆಳೆದ ಮಾತು. ದಖನ್ನಿನ ಸೂಫಿಗಳ ಬಳಗದಲ್ಲಿ ಆ ಭಾಷೆಯಲ್ಲಿ ‘ಚಕ್ಕೀನಾಮಾ’ ಅನ್ನುವ ಹಾಡುಗಳು ಹುಟ್ಟಿದವು. ಚಕ್ಕಿ ಅಂದರೆ ಬೀಸುಕಲ್ಲು. ಹೆಂಗಸರು ಜೋಳ ಬೀಸುತ್ತಾ ಹಾಡಲಿ, ಹಾಡುತ್ತಾ ದೇವರ ಹೆಸರು ಬಾಯಿಗೆ ಬರಲಿ ಅಂತ. ನಮ್ಮ ಬೀಸುವ ಪದ ಕೇಳಿದವರಿಗೆ ಇದೇನು ಹೊಸದಲ್ಲ. ಒಂದೇ ಓಣಿ, ಒಂದೇ ಜೋಳ. ಕಲ್ಲು ತಿರುಗಿದ ಹಾಗೆ ಹಾಡೂ ತಿರುಗುತ್ತದೆ.

ಕಟ್ಟಡ ನೋಡಲು ಏನಿದೆ?

ದೊಡ್ಡ ಗುಮ್ಮಟದ ಒಳಗೆ ಹೋದವರು ಗೋರಿಯನ್ನೇ ನೋಡಿ ಬಂದುಬಿಡುತ್ತಾರೆ. ತಲೆ ಎತ್ತಿ. ಗೋಡೆ, ಗುಮ್ಮಟದ ಒಳಮೈ ತುಂಬಾ ಬಣ್ಣದ ಕುಸುರಿ, ಬರಹ, ಕನ್ನಡಿ ಚೂರು. ಆವರಣದಲ್ಲಿ ಅವರ ಮನೆತನದವರ ಗೋರಿಗಳೂ ಇವೆ. ಎರಡು ಗೋಪುರಗಳ ನಡುವೆ ನಿಂತ ದೊಡ್ಡ ಕಮಾನು ತಪ್ಪಿಸಬೇಡಿ, ಅದರ ಮೇಲಿನ ದುಂಡು ಚಿತ್ರಗಳಲ್ಲಿ ಪ್ರಾಣಿಗಳಿವೆ. ದರ್ಗಾದಲ್ಲಿ ಪ್ರಾಣಿ ಚಿತ್ರವಾ ಅಂತ ಆಶ್ಚರ್ಯ ಆಗುತ್ತದೆ. ಹಳೆಯ ಕೈಬರಹಗಳ ಗ್ರಂಥಾಲಯವೂ ಇಲ್ಲಿದೆ. ದರ್ಗಾದ ಶಿಕ್ಷಣ ಸಂಸ್ಥೆ ಈಗ ವಿಶ್ವವಿದ್ಯಾಲಯ ಆಗಿ ಬೆಳೆದಿದೆ. ಅದನ್ನು ಬೆಳೆಸಿದ ಸಜ್ಜಾದ ನಶೀನ್, ಅಂದರೆ ದರ್ಗಾದ ಪೀಠದಲ್ಲಿದ್ದ ಸೈಯದ್ ಷಾ ಖುಸ್ರೋ ಹುಸೇನಿ 2024ರ ನವೆಂಬರಿನಲ್ಲಿ ತೀರಿಕೊಂಡರು.

ಫೋಟೋ?

ಗುಮ್ಮಟದ ಒಳಗೆ ಬೇಡ. ಅಂಗಳದಲ್ಲಿ ಕಟ್ಟಡದ್ದು ತೆಗೆಯಿರಿ, ಅಳುತ್ತಾ ಬೇಡಿಕೊಳ್ಳುವವರದ್ದು ತೆಗೆಯಬೇಡಿ. ಮೈಮೇಲೆ ಬಂದ ಹಾಗೆ ತೂಗುವವರು ಒಬ್ಬಿಬ್ಬರು ಕಾಣಿಸಬಹುದು. ಅದು ರೀಲ್ಸ್‌ಗೆ ಅಲ್ಲ.

ಊಟ?

ದರ್ಗಾದ ಸುತ್ತ ಬಿರಿಯಾನಿ, ಕಬಾಬು. ಕಲಬುರಗಿಗೆ ಬಂದು ತಹಾರಿ ತಿನ್ನದೆ ಹೋಗಬೇಡಿ, ಮಾಂಸದ ಜೊತೆ ಬೇಯಿಸಿದ ಖಾರದ ಅನ್ನ. ಸಸ್ಯಾಹಾರಿಗಳಿಗೆ ಊರೊಳಗೆ ಖಾನಾವಳಿಗಳಿವೆ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ತೊಗರಿ ಬ್ಯಾಳಿ. ನಮ್ಮ ತೊಗರಿಗೆ ಜಿಐ ಟ್ಯಾಗ್ ಇದೆ ಅಂತ ಮಾಣಿಯೇ ಹೇಳಿದರೂ ಹೇಳಬಹುದು.

ಒಂದು ದಿನ ಇದೆ. ಇನ್ನೇನು ನೋಡಬಹುದು?

ಹಫ್ತ್ ಗುಂಬಜ್ ಹೇಳಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿ ನೋಡಿ, 1367ರದ್ದು. ನಡುವೆ ಬಯಲು ಅಂಗಳವೇ ಇಲ್ಲ, ಪೂರ್ತಿ ಚಾವಣಿ, ಮೇಲೆ ಸಾಲು ಸಾಲು ಗುಮ್ಮಟ. ನಮ್ಮ ದೇಶದಲ್ಲಿ ಇಂಥದ್ದು ಅಪರೂಪ. ಶರಣಬಸವೇಶ್ವರ ಗುಡಿ ಹೇಗೂ ಇದೆ.

ಇನ್ನೊಂದು ದಿನ ಸಿಕ್ಕರೆ ರೈಲಿನಲ್ಲಿ ಬೀದರಿಗೆ ಹೋಗಿ, ಪಕ್ಕದ ಅಷ್ಟೂರಿಗೆ. ಬಂದೇನವಾಜರನ್ನು ನಂಬಿದ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಸಾಗಿಸಿದ, ಅಷ್ಟೂರಿನಲ್ಲಿ ಮಲಗಿದ್ದಾನೆ. ಜನ ಈ ಸುಲ್ತಾನನನ್ನೂ ಸಂತ ಮಾಡಿಬಿಟ್ಟಿದ್ದಾರೆ. ಮುಸ್ಲಿಮರಿಗೆ ವಲೀ, ಲಿಂಗಾಯತರಿಗೆ ಅಲ್ಲಮಪ್ರಭು. ಹೋಳಿ ಹುಣ್ಣಿಮೆಯ ಆಸುಪಾಸು ಅಲ್ಲಿ ಉರುಸು. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ತಮ್ಮವರ ಜೊತೆ ನಡೆದುಕೊಂಡು ಬರುತ್ತಾರೆ. ಶಂಖ ಊದುತ್ತಾ ಸುಲ್ತಾನನ ಗುಮ್ಮಟದೊಳಗೆ ಹೋಗುತ್ತಾರೆ.

ದರ್ಗಾಕ್ಕೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ನೋಡಿ ಬರೋದಾದರೆ ಅರ್ಧ ಗಂಟೆ. ಆದರೆ ಸಂಜೆ ಐದೂವರೆಗೆ ಬಂದು ಹೊತ್ತು ಮುಳುಗಿದ ಮೇಲಿನ ಮಗ್ರಿಬ್ ನಮಾಜು ಮುಗಿಯುವವರೆಗೆ ಅಂಗಳದಲ್ಲಿ ಕೂತುಕೊಳ್ಳಿ. ಕಲ್ಲು ತಣ್ಣಗಾಗುತ್ತಾ ಬರುತ್ತದೆ. ಯಾರೋ ಬಂದು ನಿಮ್ಮ ಕೈಗೂ ಒಂದು ಚಿಟಿಕೆ ಸಕ್ಕರೆ ಹಾಕಿ ಹೋಗುತ್ತಾರೆ. ಬಲಗೈ ಚಾಚಿ.